ತಿರುಗಿಸಿಟ್ಟ ಚಪ್ಪಲಿ

"ಮೊದಲ ಆ ಹಗ್ಗ ಬಿಚ್ರಿ."

ಸುಗಲಾಬಾಯಿ ದನಿ ಏರಿಸಲಿಲ್ಲ. ಪೊಲೀಸ್ ಇಲಾಖೆಯಲ್ಲಿ ಬೂಟು ಸವೆಸಿ, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿಯಾದ ಹೆಂಗಸು ಆಕೆ. ಎಲ್ಲಿ ಗದರಬೇಕು, ಎಲ್ಲಿ ಮೆಲ್ಲಗೆ ಮಾತಾಡಬೇಕು ಎಂಬುದನ್ನು ಯಾರೂ ಆಕೆಗೆ ಹೇಳಿಕೊಡಬೇಕಾಗಿರಲಿಲ್ಲ.

ನಾರಾಯಣಖೇಡದ ಹೊರಗಿನ ಕುರಿದೊಡ್ಡಿ ಅದು. ನಡುಗಂಬಕ್ಕೆ ಒಬ್ಬ ಹುಡುಗನನ್ನು ಕಟ್ಟಿಹಾಕಿದ್ದರು. ಸುತ್ತ ಮನೆಯ ಗಂಡಸರು ಕೋಲು ಹಿಡಿದು ನಿಂತಿದ್ದರು. ಕುರಿಗಳು ಮಾತ್ರ ಈ ರಗಳೆಯೇ ಬೇಡವೆಂದು ಮೂಲೆಯಲ್ಲಿ ಮೆಲುಕು ಹಾಕುತ್ತಿದ್ದವು.

"ಬಿಚ್ಚಂಗಿಲ್ರಿ ಅಕ್ಕೋರ," ಎಂದ ಹಣಮಂತರಾಯ. "ನನ್ನ ಮಗಳು ಎಲ್ಲದಾಳ ಅಂತ ಇಂವ ಬಾಯಿ ಬಿಡೂತನಕ ಬಿಚ್ಚಂಗಿಲ್ಲ."

"ಹಿಂಗ ಕಟ್ಟಿಹಾಕಿದ್ದು ಠಾಣಿಗಿ ಗೊತ್ತಾದ್ರ, ಮಗಳು ಸಿಗೂಕಿಂತ ಮೊದಲ ನೀನೇ ಒಳಗ ಹೋಗ್ತಿ. ಆಮ್ಯಾಲ ಈ ಕುರಿ ಯಾರು ಕಾಯ್ತಾರ? ನಾನೇನು?"

ಹಣಮಂತರಾಯ ಹಲ್ಲು ಕಚ್ಚಿದ. ಅವನ ತಮ್ಮ ರೇವಪ್ಪ ಹೋಗಿ ಹಗ್ಗ ಬಿಚ್ಚಿದ.

ವಿಷಯ ಇಷ್ಟು. ಹಣಮಂತರಾಯನ ಮಗಳು ಶಿರೀಷಾ, ನರ್ಸಿಂಗ್ ಮುಗಿಸಿ ಜಹೀರಾಬಾದಿನಲ್ಲಿ ಜಪಾನಿ ಭಾಷೆ ಕಲಿಯುತ್ತಿದ್ದವಳು, ಮೊನ್ನೆ ಮನೆ ಬಿಟ್ಟವಳು ತಿರುಗಿ ಬಂದಿರಲಿಲ್ಲ. ಅವಳ ದುಪಟ್ಟಾ ಸಿಕ್ಕಿದ್ದು ಜೊತೆಯಲ್ಲಿ ಓದುತ್ತಿದ್ದ ಸಾಯಿಕುಮಾರನ ಬೈಕಿನಲ್ಲಿ. ಹುಡುಕಿಕೊಡಿ ಎಂದು ಮನೆಯವರು ನಿನ್ನೆ ಸುಗಲಾಬಾಯಿಯ ಹತ್ತಿರ ಬಂದಿದ್ದರು.

ಇವತ್ತು ಮಧ್ಯಾಹ್ನವೇ ಜಪಾನಿನ ಒಂದು ವೃದ್ಧಾಶ್ರಮದವರು ಶಿರೀಷಾಳನ್ನು ವಿಡಿಯೋದಲ್ಲಿ ಮಾತಾಡಿಸಿ ಕೆಲಸಕ್ಕೆ ಆರಿಸುವವರಿದ್ದರು. ಅವಳು ಕೂರದಿದ್ದರೆ ಆ ಜಾಗ ಬೇರೊಬ್ಬರದು. ಎರಡು ವರ್ಷ ಹಗಲು ಬಸ್ಸಿನಲ್ಲಿ, ಸಂಜೆ ದೊಡ್ಡಿಯ ಬದಿಯಲ್ಲಿ ಕೂತು ಆ ಹುಡುಗಿ ಕಲಿತದ್ದೆಲ್ಲ ನೀರುಪಾಲು.

ಸಾಯಿಕುಮಾರ ಮಣಿಕಟ್ಟು ಉಜ್ಜಿಕೊಳ್ಳುತ್ತ ಕುಳಿತ. ಕೆನ್ನೆ ಬಾತಿತ್ತು. ಯಾರೋ ಆಗಲೇ ಕೈ ಮಾಡಿದ್ದರು.

"ಹೇಳು ತಮ್ಮಾ, ಎಲ್ಲದಾಳ?"

"ನಾ ಏನೂ ಹೇಳಂಗಿಲ್ರಿ. ಸಂಜಿತನಕ ತಡೀರಿ. ಸಂಜಿಗಿ ನಾನೇ ಹೇಳ್ತೀನಿ."

"ನೋಡ್ರಿ ಇವನ ಸೊಕ್ಕ!" ರೇವಪ್ಪ ಕೋಲು ಎತ್ತಿದ.

ಸುಗಲಾಬಾಯಿ ಕೋಲಿನ ತುದಿ ಹಿಡಿದು ಕೆಳಗಿಳಿಸಿದಳು. ಸಂಜಿತನಕ. ಆ ಮಾತು ಆಕೆಯ ಕಿವಿಗೆ ಬೇರೆಯದೇ ರೀತಿ ಕೇಳಿಸಿತ್ತು. ಹುಡುಗಿಯನ್ನು ಹಾರಿಸಿಕೊಂಡು ಹೋದವನು ಹೀಗೆ ಹೊತ್ತು ಗೊತ್ತು ಹೇಳುವುದಿಲ್ಲ. ಮಧ್ಯಾಹ್ನದ ಕೆಲಸ ಒಂದು ಮುಗಿಯಲಿ ಎಂದು ಕಾಯುತ್ತಿರುವವನು ಹೇಳುತ್ತಾನೆ.

ಆಕೆ ಹುಡುಗನನ್ನು ಬಿಟ್ಟು ಅವನ ಹಿಂದೆ ನಿಂತಿದ್ದ ಹುಡುಗಿಯ ತಾಯಿಯ ಕಡೆ ತಿರುಗಿದಳು.

"ಸಾಬಮ್ಮ, ಆಕಿ ಹೋಗೂಕಿಂತ ಮೊದಲ ಮನ್ಯಾಗ ಏನಾತು? ಖರೆ ಹೇಳು. ನಿನ್ನೆ ನನ್ನ ಮುಂದ ಅರ್ಧಾ ಹೇಳಿ ಅರ್ಧಾ ನುಂಗೀದಿ."

ಸಾಬಮ್ಮ ಗಂಡನ ಮುಖ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೇಳಿದಳು.

"ಆಕಿ ಫೋನ್ ತಗೊಂಡು ಗ್ವಾಡಿಗಿ ಆನಿಸಿ ಇಟ್ಟಿದ್ಲರಿ. ಅದರ ಮುಂದ ನಿಂತು ನಡಾ ಬಗ್ಗಸ್ತಾಳ, ಏಳ್ತಾಳ, ಮತ್ತ ಬಗ್ಗಸ್ತಾಳ. ಕಣ್ಣಾಗ ನೀರು. ಫೋನಿನ್ಯಾಗ ಗಂಡಸಿನ ದನಿ. 'ಇನ್ನಾ ಬಗ್ಗು, ಇನ್ನಾ ಬಗ್ಗು' ಅಂತಿದ್ದ. ನಾವು ಬೀರಪ್ಪ ದೇವ್ರಿಗಿ ಬಿಟ್ಟು ಯಾರಿಗೂ ಹಂಗ ಬಗ್ಗಾಂಗಿಲ್ರಿ ಅಕ್ಕೋರ. ನನ್ನ ಎದಿ ಧಸಕ್ ಅಂತು. ಯಾವನೋ ಮಾಟಗಾರ ಬುವಾ ನನ್ನ ಮಗಳಿಗಿ ಮದ್ದ ಹಾಕ್ಯಾನ ಅಂತ ತಿಳ್ಕೊಂಡೆ."

"ಆಮ್ಯಾಲ?"

"ತಾಯತ ಕಟ್ಟಿಸ್ಕೊಂಡು ಬಂದೆ. ಇವರು ಫೋನ್ ಕಸಗೊಂಡು ಉಣ್ಣಿ ಚೀಲದಾಗ ಹಾಕಿ ಹೊಲದ್ರು. ನಾಳಿಂದ ಕ್ಲಾಸಿಗಿ ಹೋಗೂದು ಬ್ಯಾಡ ಅಂದ್ರು."

ಸುಗಲಾಬಾಯಿ ನಿಧಾನವಾಗಿ ಸಾಯಿಕುಮಾರನ ಕಡೆ ನೋಡಿದಳು. ಹುಡುಗ ಕಿವಿಯವರೆಗೆ ಕೆಂಪಾಗಿದ್ದ.

"ಇನ್ನಾ ಬಗ್ಗು ಅಂದಾವ ನೀನೇನು?"

"ಹೂಂರಿ." ಅವನು ನೆಲ ನೋಡಿದ. "ಆಕಿ ಬೆನ್ನ ಗೂನ ಮಾಡ್ತಿದ್ಲರಿ. ಬೆನ್ನ ಹಲಗಿಹಂಗ ಸೀದಾ ಇರಬೇಕು, ನಡಾ ಅಷ್ಟೇ ಬಗ್ಗಬೇಕು ಅಂತ ನಮ್ಮ ಕ್ಲಾಸಿನ ಮೇಡಂ, ಸೆನ್ಸೇ ಅಂತೀವಿ, ಹೇಳ್ಯಾರ. ಇಂಟರ್ವ್ಯೂದಾಗ ಮೊದಲ ಅದನ್ನ ನೋಡ್ತಾರ. ಆಕಿ ಸೋತು ಅಳಾಕ ಕುಂತಳು."

 ಸುಗಲಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿನ್ನೆ ಜಹೀರಾಬಾದಿನ ಆ ಕ್ಲಾಸಿಗೆ ಹೋದಾಗ ತಾನೇ ಕಂಡಿದ್ದಳಲ್ಲ! ಹುಡುಗ ಹುಡುಗಿಯರೆಲ್ಲ ಸಾಲಾಗಿ ನಿಂತು ಬರೀ ಗೋಡೆಗೆ ನಮಸ್ಕಾರ ಹಾಕುತ್ತಿದ್ದರು. ಪಾಠ ಕಲಿಸುವ ಶೈಲಶ್ರೀ, ಜಪಾನಿನಲ್ಲಿ ಇದ್ದು ಬಂದವಳು, ಅಳತೆಪಟ್ಟಿ ಹಿಡಿದು ಅವರ ಬೆನ್ನು ತಟ್ಟುತ್ತಿದ್ದಳು.

"ಹಣಮಂತರಾಯ, ನಿನ್ನ ಮಗಳಿಗಿ ಯಾರೂ ಮದ್ದ ಹಾಕಿಲ್ಲೋ ಮಾರಾಯ. ಅದು ಅವರ ಶರಣು. ನಾವು ಕೈ ಮುಗೀತೀವಿ, ಅವರು ನಡಾ ಬಗ್ಗಸ್ತಾರ. ಆಕಿ ಪಾಠ ಒಪ್ಪಸಾಕತ್ತಿದ್ಲು!"

ಹಣಮಂತರಾಯನ ಮುಖ ಸಪ್ಪಗಾಯಿತು. ತಾನು ಹೊಲಿದ ಉಣ್ಣೆಯ ಚೀಲ ಅಲ್ಲೇ ಮೂಲೆಯಲ್ಲಿತ್ತು. ಅದನ್ನು ನೋಡಲಾಗದೆ ಅವನು ಮುಖ ತಿರುಗಿಸಿದ.

ಹಾಗಾದರೆ ಹುಡುಗಿ ತಾನಾಗಿಯೇ ಹೋಗಿದ್ದಾಳೆ. ಆದರೆ ಎಲ್ಲಿಗೆ? ಸಾಯಿಕುಮಾರ ಮಾತ್ರ ತುಟಿ ಹೊಲಿದುಕೊಂಡವನಂತೆ ಕೂತಿದ್ದ. ಆಕಿಗಿ ಮಾತು ಕೊಟ್ಟೀನಿ, ಅಷ್ಟೇ ಅವನ ಉತ್ತರ.

ಸುಗಲಾಬಾಯಿ ಅವನನ್ನು ಇನ್ನು ಕೆದಕಲಿಲ್ಲ. ನೆಟ್ಟಗೆ ಅವನ ಬೈಕಿನ ಹತ್ತಿರ ಹೋಗಿ, ನೋಯುವ ಮಂಡಿಗೆ ಬೈದುಕೊಳ್ಳುತ್ತ ಕುಕ್ಕರಿಸಿದಳು.

ಜಹೀರಾಬಾದಿನಿಂದ ನಾರಾಯಣಖೇಡದವರೆಗೆ ಎಲ್ಲಿ ಕಾಲಿಟ್ಟರೂ ಕೆಂಪು ಮಣ್ಣು. ಬೈಕಿನ ಗಾಲಿಗೂ ಕೆಂಪು ಧೂಳು ಹತ್ತಿತ್ತು. ಆದರೆ ಮಡ್‌ಗಾರ್ಡಿನ ಒಳಗೆ ಬೇರೆಯದೊಂದು ಪದರವಿತ್ತು. ಬೂದುಬಣ್ಣದ, ಸುಣ್ಣದಷ್ಟು ನುಣ್ಣನೆಯ ಕೆಸರು ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಹಿಟ್ಟಿನ ಹಾಗೆ ಉದುರಿತು.

ಇದು ಹೊಲದ ಮಣ್ಣಲ್ಲ. ಕಲ್ಲು ಪಾಲಿಶ್ ಮಾಡುವ ಮಿಲ್ಲಿನಿಂದ ರಸ್ತೆಗೆ ಹರಿದು ಬರುವ ನೀರು. ಈ ಸೀಮೆಯಲ್ಲಿ ಅಂಥ ನೀರು ತುಳಿಯಬೇಕೆಂದರೆ ಒಂದೇ ಊರು.

"ತಾಂಡೂರಿಗಿ ಬಿಟ್ಟು ಬಂದೀದಿ," ಎಂದಳು, ಎದ್ದು ನಿಲ್ಲುತ್ತ.

ಸಾಯಿಕುಮಾರ ತಲೆ ಎತ್ತಲಿಲ್ಲ. ಆದರೆ ಅವನ ಕಾಲ ಹೆಬ್ಬೆರಳು ನೆಲ ಕೆರೆಯುವುದನ್ನು ತಟ್ಟನೆ ನಿಲ್ಲಿಸಿತು. ಸುಗಲಾಬಾಯಿಗೆ ಅಷ್ಟು ಸಾಕಾಯಿತು.

ತಾಂಡೂರಿನಲ್ಲಿ ಯಾರಿದ್ದಾರೆ? ನಿನ್ನೆ ಶೈಲಶ್ರೀ ಚಹಾ ಕೊಡುತ್ತ, ನಮ್ಮದು ತಾಂಡೂರು, ಅಪ್ಪನದು ಪಾಲಿಶ್ ಮಿಲ್ಲು ಎಂದಿದ್ದಳು. ಶಿರೀಷಾ ಎಲ್ಲಿದ್ದಾಳೆಂದು ಕೇಳಿದಾಗ ಮಾತ್ರ, ಗೊತ್ತಿಲ್ಲ ಎಂದು ಚಹಾ ಲೋಟ ನೋಡಿದ್ದಳು. ಈಗ ಫೋನ್ ಹಚ್ಚಿದರೆ ಸ್ವಿಚ್ ಆಫ್.

"ರೇವಪ್ಪ, ಗಾಡಿ ತೆಗಿ. ಹಣಮಂತರಾಯ, ನೀ ನನ್ನ ಜೋಡಿ ಬಾ. ಸಾಬಮ್ಮ, ಈ ಹುಡುಗಗ ರೊಟ್ಟಿ ಕೊಡು, ಕೆನ್ನಿಗಿ ಅರಿಶಿಣ ಹಚ್ಚು. ಯಾರರೆ ಕೈ ಮಾಡಿದ್ರೋ, ಬಂದು ನಾನೇ ಕಂಬಕ್ಕ ಕಟ್ತೀನಿ."

*

ಕುರಿ ಸಾಗಿಸುವ ಪಿಕಪ್ ಗಾಡಿ ಅದು. ಮುಂದಿನ ಸೀಟಿನಲ್ಲಿ ಕೂತರೂ ಹಿಂದಿನ ವಾಸನೆ ತಪ್ಪುವುದಿಲ್ಲ. ಜಹೀರಾಬಾದಿನ ಹತ್ತಿರ ಹೆದ್ದಾರಿಗೆ ಬಂದರೆ ಕಬ್ಬಿನ ಟ್ರಾಕ್ಟರುಗಳು ಒಂದರ ಬಾಲ ಒಂದು ಹಿಡಿದು ಹೊರಟಿದ್ದವು. ರೇವಪ್ಪ ಹಾರ್ನ್ ಒತ್ತಿ ಒತ್ತಿ ಸೋತ.

"ಅಕ್ಕೋರ," ಹಣಮಂತರಾಯ ಆಕೆಯ ಕಡೆ ತಿರುಗಿದ. "ಅಲ್ಲಿ ಹೋಗಿ ಆಕಿ ಮಾಡೂದರ ಏನು?"

"ವಯಸ್ಸಾದವರನ್ನ ನೋಡ್ಕೊಳ್ಳೂದು. ಜಳಕ ಮಾಡಸೂದು, ಉಣಸೂದು, ನಡಸೂದು."

"ನಮ್ಮೂರಾಗ ಮುದುಕರಿಗಿ ಬರಗಾಲೇನ್ರಿ? ನಾನೇ ಆಗಾಕತ್ತೀನಿ."

ಸುಗಲಾಬಾಯಿ ನಗಬೇಕೆಂದವಳು ಅವನ ಮುಖ ನೋಡಿ ಸುಮ್ಮನಾದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

"ನಾ ಹೆದರೀನ್ರಿ," ಎಂದ ಅವನು. "ಮನ್ಯಾಗ ಕುಂತು ಆಕಿ ಏನೋ ಮಾತಾಡ್ತಾಳ, ನಂಗ ಒಂದು ಅಕ್ಷರ ತಿಳಿಯಂಗಿಲ್ಲ. ನನ್ನ ಮಗಳು ನನ್ನ ಕಣ್ಣ ಮುಂದ ಬ್ಯಾರೆ ಯಾರೋ ಆಗಾಕತ್ತಾಳ ಅನಸ್ತು. ಅದಕ್ಕ ಫೋನ್ ಕಸಗೊಂಡೆ. ಈಗ ಆಕಿ ಜೀವಂತ ಸಿಕ್ಕರ ಸಾಕು. ಜಪಾನಕ್ಕರೆ ಹೋಗ್ಲಿ, ಚಂದ್ರನ ಮ್ಯಾಲರೆ ಹೋಗ್ಲಿ."

"ಈ ಮಾತ ಆಕಿ ಮುಂದ ಹೇಳು. ನನ್ನ ಮುಂದ ಹೇಳಿ ಏನ್ ಮಾಡ್ತಿ?"

ಹಣಮಂತರಾಯ ಕಿಟಕಿಯ ಆಚೆ ನೋಡುತ್ತ ಕೂತ. 

*

ಮಿಲ್ಲಿನ ಹಿಂದಿನ ಓಣಿಯಲ್ಲಿ ಶೈಲಶ್ರೀಯ ಅಪ್ಪ ಮನ್ಮಥಪ್ಪನವರ ಮನೆ ಎಂದರೆ ಎಲ್ಲರಿಗೂ ಗೊತ್ತು. ಅಂಗಳಕ್ಕೆಲ್ಲ ನೀಲಿ ಕಲ್ಲು ಹಾಸಿತ್ತು. ಬಾಗಿಲಲ್ಲಿ ನಿಂತವರು ಶೈಲಶ್ರೀಯ ತಾಯಿ ಶಿವಕಾಂತಾ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ತೊಗರಿಬೇಳೆಯ ಮೊರ.

"ಶಿರೀಷಾನ? ಯಾವ ಶಿರೀಷಾರಿ? ನಮ್ಮನ್ಯಾಗ ಯಾರೂ ಇಲ್ರಿ. ಯಜಮಾನ್ರು ಮಿಲ್ಲಿಗಿ ಹೋಗ್ಯಾರ, ಶೈಲಾ ಕೆಲಸದ ಮ್ಯಾಲ ಹೈದರಾಬಾದಿಗಿ ಹೋಗ್ಯಾಳ. ನಾ ಒಬ್ಬಾಕೀನೇ ಅದೀನಿ."

 ಹಣಮಂತರಾಯ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಸುಗಲಾಬಾಯಿ ಶಿವಕಾಂತಾರ ಮುಖ ನೋಡುತ್ತಿರಲಿಲ್ಲ. ಹೊಸ್ತಿಲ ಕೆಳಗೆ ಬಿಟ್ಟಿದ್ದ ಚಪ್ಪಲಿಗಳನ್ನು ನೋಡುತ್ತಿದ್ದಳು.

ಒಂದು ಗಂಡಸಿನ ಹಳೆಯ ಜೋಡು, ಒಂದು ರಬ್ಬರಿನದು, ಶಿವಕಾಂತಾರದೇ ಇರಬೇಕು ಅನ್ನಿಸುವ ಚರ್ಮದ ಜೋಡು. ಎಲ್ಲವೂ ಬಂದವರು ಕಾಲಿಂದ ಜಾರಿಸಿ ಬಿಟ್ಟ ಹಾಗೆ, ಮೂತಿ ಮನೆಯ ಒಳಗೆ ಮಾಡಿ, ಒಂದು ಅತ್ತ ಒಂದು ಇತ್ತ ಬಿದ್ದಿದ್ದವು. ಲೋಕದಲ್ಲಿ ಎಲ್ಲರ ಮನೆ ಮುಂದೆಯೂ ಅವು ಬೀಳುವುದೇ ಹಾಗೆ.

ಒಂದೇ ಒಂದು ಜೊತೆ ಹಾಗಿರಲಿಲ್ಲ. ನೇರಳೆ ಪಟ್ಟಿಯ ತೆಳು ಚಪ್ಪಲಿ. ಹಿಮ್ಮಡಿ ಹೊಸ್ತಿಲಿಗೆ, ಮೂತಿ ಬೀದಿಗೆ. ಒಂದಕ್ಕೊಂದು ತಾಗಿಸಿ ನೇರವಾಗಿ ಇಟ್ಟಿದ್ದರು.

 ಸುಗಲಾಬಾಯಿ ನಿನ್ನೆ ಕ್ಲಾಸಿನ ಬಾಗಿಲಲ್ಲಿ ಇದೇ ನೋಟ ಕಂಡಿದ್ದಳು. ಅಲ್ಲಿ ಎಲ್ಲರ ಚಪ್ಪಲಿಗಳೂ ಬೀದಿಗೆ ಮುಖ ಮಾಡಿ ಸಾಲಾಗಿ ಕೂತಿದ್ದವು. ತನ್ನದನ್ನು ಎಂದಿನ ಹಾಗೆ ಬಿಸಾಕಿ ಒಳಗೆ ಹೋಗಿದ್ದಳು. ಹೊರಗೆ ಬರುವಾಗ ಯಾರೋ ಅದನ್ನೂ ತಿರುಗಿಸಿ ಇಟ್ಟಿದ್ದರು. ಜಪಾನಿನವರ ಮನೆಗೆ ಹೋದರೆ ಒಳಗೆ ಕಾಲಿಟ್ಟು, ಮಂಡಿಯೂರಿ, ಚಪ್ಪಲಿ ತಿರುಗಿಸಿಟ್ಟು ಆಮೇಲೆ ಮುಂದೆ ಹೋಗಬೇಕು. ಬರೀ ಮಾತು ಕಲಿತರೆ ಸಾಲದು, ಕೈಗೂ ಅಭ್ಯಾಸವಾಗಬೇಕು ಎಂದಿದ್ದಳು ಶೈಲಶ್ರೀ.

"ಶಿವಕಾಂತಮ್ಮನೋರ, ಈ ನೇರಳಿ ಚಪ್ಪಲಿ ಯಾರವರಿ?"

"ನಮ್ಮ ಶೈಲಾಂದ್ರಿ."

"ಆಕಿ ಹೈದರಾಬಾದಿಗಿ ಬರಿಗಾಲಿಲೆ ಹೋಗ್ಯಾಳೇನ್ರಿ?"

"ಬ್ಯಾರೆ ಹಾಕೊಂಡು ಹೋಗ್ಯಾಳ..."

"ಈ ಜೋಡಿಗಿ ನಿಮ್ಮ ಕಾಲು ಹಿಡಸಂಗಿಲ್ಲ, ನಿಮ್ಮ ಮಗಳ ಕಾಲೂ ಹಿಡಸಂಗಿಲ್ಲ. ಆಕಿ ನನಗಿಂತ ಎತ್ತರದಾಳ, ನಿನ್ನೆ ನೋಡೀನಿ. ಇದು ಸಣ್ಣ ಹುಡುಗಿದು." ಸುಗಲಾಬಾಯಿ ಹಿಂದೆ ತಿರುಗಿದಳು. "ಹಣಮಂತರಾಯ, ಇವು ಶಿರೀಷಾನ್ವೇನು?"

ಹಣಮಂತರಾಯ ಬಗ್ಗಿ ನೋಡಿದ. 

"ಗೊತ್ತಿಲ್ರಿ. ನನ್ನ ದೊಡ್ಡ್ಯಾಗಿನ ಒಂದೊಂದು ಕುರಿ ಗೊರಸು ಗುರ್ತ ಹಿಡೀತೀನಿ. ಮಗಳು ಕಾಲಾಗ ಏನ್ ಹಾಕ್ತಾಳ, ನಾ ಯಾವತ್ತೂ ನೋಡಿಲ್ಲ."

ಆ ಮಾತು ಕೇಳಿ ಶಿವಕಾಂತಾರ ಕೈಯ ಮೊರ ವಾಲಿತು. ನಾಲ್ಕು ಬೇಳೆ ನೆಲಕ್ಕೆ ಉದುರಿದವು. ಪಾಪ, ಸುಳ್ಳು ಹೇಳಿ ರೂಢಿಯಿಲ್ಲದ ಜೀವ ಅದು.

"ನೀ ಹೆದರಬ್ಯಾಡ," ಸುಗಲಾಬಾಯಿ ಹಣಮಂತರಾಯನ ಹೆಗಲ ಮೇಲೆ ಕೈಯಿಟ್ಟಳು. "ಯಾರೋ ಎಳಕೊಂಡು ತಂದ ಹುಡುಗಿ ಬಾಗಲದಾಗ ಕುಂತು ಚಪ್ಪಲಿ ಜೋಡಸಂಗಿಲ್ಲ. ಅಳಕೋತ ಬಂದಾಕೀನೂ ಜೋಡಸಂಗಿಲ್ಲ. ಇಲ್ಲಿ ಬಂದಾಕಿ ಸಮಾಧಾನದಿಂದ ಬಂದಾಳ, ತಾನಾಗೇ ಒಳಗ ಹೋಗ್ಯಾಳ. ನಿನ್ನ ಮಗಳು ಆರಾಮ ಅದಾಳ."

"ಅಕ್ಕೋರ..." ಶಿವಕಾಂತಾ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದರು. "ಇವರು ಆಕೀನ್ನ ಹೊಡ್ಯಾಂಗಿಲ್ಲ ಅಂತ ಮೊದಲ ಹೇಳ್ರಿ. ಆಮ್ಯಾಲ ಸರೀತೀನಿ."

"ನಾ ಹೊಡೀತೀನಾ?" ಹಣಮಂತರಾಯ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. "ಆಕಿ ಬೇಕಾದ್ರ ನನಗ ಹೊಡೀಲಿ, ತಾಯಿ."

ಒಳಗಿನ ಕೋಣೆಯ ಕದ ತೆರೆಯಿತು. ತಿಳಿನೀಲಿ ಚೂಡಿದಾರ, ಎಳೆದು ಕಟ್ಟಿದ ಕೂದಲು, ಕೊರಳಲ್ಲಿ ತಾಯತ.

"ಅಪ್ಪಾ!"

ಮುಂದಿನದನ್ನು ಏನು ಹೇಳುವುದು. ಹಣಮಂತರಾಯ ಮಗಳ ತಲೆ ಮುಟ್ಟಿದ, ಮುಖ ಮುಟ್ಟಿದ, ಕೈ ಮುಟ್ಟಿದ. ಕಳೆದುಹೋದ ಮರಿ ಸಿಕ್ಕಾಗ ಕುರುಬ ಹಾಗೇ ಮೈಯೆಲ್ಲ ಸವರಿ ನೋಡುತ್ತಾನೆ. ಇಬ್ಬರೂ ಅಳುತ್ತ ಒಬ್ಬರಿಗೊಬ್ಬರು ಬೈದುಕೊಂಡರು. ಹೋದ ಜೀವ ಬಂದಂತಾಯಿತು ಎನ್ನುವ ಮಾತನ್ನು ಸುಗಲಾಬಾಯಿ ಸಾವಿರ ಸಲ ಕೇಳಿದ್ದಳು. ಇವತ್ತು ಕಣ್ಣಾರೆ ಕಂಡಳು. ತನ್ನ ಕಣ್ಣನ್ನೂ ಸೆರಗಿನಿಂದ ಒರೆಸಿಕೊಂಡಳು. ಯಾರಾದರೂ ನೋಡಿದರೇನೋ ಎಂದು ಮೂಗನ್ನೂ ಒರೆಸಿಕೊಂಡಳು.

"ಇಂಟರ್ವ್ಯೂ ಮುಗಿಸಿ ಸಂಜಿಗಿ ಬರಾಕಿದ್ನೆಪ್ಪ. ಅವ್ವಗ ಹೇಳಿದ್ರ ನೀ ಬಂದು ಕರಕೊಂಡು ಹೋಗ್ತಿದ್ದಿ. ಅದಕ್ಕ ಶೈಲಾ ಮೇಡಂ ಇಲ್ಲಿ ಇರು ಅಂದ್ರು. ಸಾಯಿ ಬೈಕಿನ ಮ್ಯಾಲ ಬಿಟ್ಟು ಹೋದ."

"ಅಯ್ಯೋ, ಆ ಹುಡುಗ!" ಹಣಮಂತರಾಯ ಹಣೆ ಚಚ್ಚಿಕೊಂಡ. "ನಾ ಆತಗ ಕಂಬಕ್ಕ ಕಟ್ಟಿದ್ದೆ."

"ಏನಂದಿ?"

ಮಗಳು ಜಗಳಕ್ಕೆ ನಿಲ್ಲುವ ಮೊದಲೇ ಸುಗಲಾಬಾಯಿ ಸಾಬಮ್ಮನಿಗೆ ಫೋನ್ ಹಚ್ಚಿದಳು. "ಸಿಕ್ಕಾಳ ಸಾಬಮ್ಮ, ಹೂವಿನಹಂಗ ಅದಾಳ. ಆ ಹುಡುಗನ ಕಾಲಿಗಿ ಬಿದ್ದರೂ ಪರವಾಗಿಲ್ಲ, ಮಾಫಿ ಕೇಳಿ, ಉಣಿಸಿ ಕಳಸ್ರಿ." ಆ ಕಡೆಯಿಂದ ಸಾಬಮ್ಮನ ಅಳು, ನಗು, ಬೀರಪ್ಪನ ಹೆಸರು ಎಲ್ಲ ಒಟ್ಟಿಗೆ ಕೇಳಿಬಂದವು.

ಶಿವಕಾಂತಾ ಎಲ್ಲರಿಗೂ ಚಹಾ ತಂದರು. ಎಲ್ಲರಿಗಿಂತ ಮೊದಲು ತಾವೇ ಒಂದು ಲೋಟ ಕುಡಿದು ಉಸ್ಸಪ್ಪಾ ಎಂದರು.

*

ಇಂಟರ್ವ್ಯೂ ಹೊತ್ತಾಯಿತು. ಒಳಗಿನ ಕೋಣೆಯಲ್ಲಿ ಬಿಳಿ ಗೋಡೆಯ ಮುಂದೆ ಲ್ಯಾಪ್‌ಟಾಪ್ ಇಟ್ಟಿದ್ದರು. ಶಿರೀಷಾ ತಾಯತವನ್ನು ಚೂಡಿದಾರದೊಳಗೆ ತೂರಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತಳು. ತಂದೆ ಪರದೆಗೆ ಕಾಣದ ಹಾಗೆ ಮೂಲೆಯ ಸ್ಟೂಲಿನ ಮೇಲೆ ಕೂತ. ಪಕ್ಕದಲ್ಲಿ ಸುಗಲಾಬಾಯಿ.

"ಅಪ್ಪಾ, ಹೆದರಬ್ಯಾಡ. ಅವರ ಮಾತೂ ನಮ್ಮ ಮಾತಿನಹಂಗೇ ನಡೀತದ. ಮೊದಲ ಯಾರು, ಆಮ್ಯಾಲ ಏನು, ಕಡಿಗಿ ಏನ್ ಮಾಡಿದ್ರು. ಕನ್ನಡದಾಗ ವಿಚಾರ ಮಾಡಿ ಮಾತು ಬದಲಿ ಮಾಡಿದ್ರ ಅರ್ಧಾ ಕೆಲಸ ಆತು."

"ಮತ್ತ ಉಳಿದ ಅರ್ಧಾ?"

"ಅದಕ್ಕೇ ಎರಡು ವರ್ಷ ಹಿಡೀತು."

ಪರದೆ ಬೆಳಗಿತು. ಕನ್ನಡಕದ ಒಬ್ಬ ಹೆಂಗಸು, ಹೆಸರು ಮೊರಿತಾ ಎಂದು ಶಿರೀಷಾ ಮೊದಲೇ ಹೇಳಿದ್ದಳು. ಪಕ್ಕದಲ್ಲಿ ಬಿಳಿಗೂದಲಿನ ಒಬ್ಬ ಗಂಡಸು. ಶಿರೀಷಾ ನಡು ಬಗ್ಗಿಸಿದಳು. ಬೆನ್ನು ಹಲಗೆಯ ಹಾಗೆ ನೇರವಾಗಿತ್ತು. ಹಣಮಂತರಾಯ ತನಗರಿವಿಲ್ಲದೆ ತಾನೂ ಕೂತಲ್ಲೇ ತಲೆ ಬಾಗಿಸಿದ.

"ಹಾಜಿಮೆಮಾಶಿತೆ," ಎಂದು ಮೊದಲ ಭೇಟಿಯ ನಮಸ್ಕಾರ ಹೇಳಿ ಅವಳು ಶುರುಮಾಡಿದಳು. ದನಿ ನಡುಗಲಿಲ್ಲ.

ಸುಗಲಾಬಾಯಿಗೆ ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ಹುಡುಗಿಯ ಕೈಗಳು ಮಾತಾಡುತ್ತಿದ್ದವು. ಎರಡು ಕೈಯಲ್ಲಿ ಏನನ್ನೋ ಎತ್ತಿಕೊಂಡಳು. ಅದರ ಮೈಗೆ ಏನನ್ನೋ ಸವರಿದಳು. ಕೆಳಗಿಟ್ಟು, ದೂಡದೆ, ಸುಮ್ಮನೆ ಕಾದಳು.

ಹಣಮಂತರಾಯ ಸುಗಲಾಬಾಯಿಯ ಮುಂಗೈ ಹಿಡಿದುಕೊಂಡ.

"ಇದು ನಂದ್ರಿ," ಎಂದು ಪಿಸುಗುಟ್ಟಿದ. "ತಾಯಿ ಮರೀನ್ನ ಒಲ್ಲೆ ಅಂದ್ರ ನಾ ಮರಿ ಮೈಗಿ ಬೆಲ್ಲದ ನೀರು ಸವರ್ತೀನಿ. ತಾಯಿ ನೆಕ್ಕಿ ನೆಕ್ಕಿ ತನ್ನ ಮರಿ ಮಾಡ್ಕೋತದ. ಆಕಿ ಅದನ್ನ ಹೇಳಾಕತ್ತಾಳ."

ಎರಡು ವರ್ಷ ತಿಳಿಯದಿದ್ದ ಭಾಷೆ ಈಗ ಅವನಿಗೆ ತಿಳಿದಿತ್ತು. ಮುಖದ ತುಂಬ ಹೆಮ್ಮೆ ಹರಡಿತು. ಜೋರು ಮಾಡಬಾರದು, ಸಿಹಿ ಮಾಡಿ ಕಾಯಬೇಕು. ಹಟ ಹಿಡಿದ ಮುದುಕರನ್ನು ನೋಡಿಕೊಳ್ಳುವುದನ್ನು ತಾನು ಅಪ್ಪನಿಂದ ಕಲಿತೆ ಎಂದು ಮಗಳು ಸಮುದ್ರದಾಚೆಯವರಿಗೆ ಹೇಳುತ್ತಿದ್ದಳು. ಸುಗಲಾಬಾಯಿ ಹಗುರವಾಗಿ ಉಸಿರು ಬಿಟ್ಟಳು. ಈ ಕೇಸು ಮುಗಿಯಿತು, ಇನ್ನು ಮನೆಗೆ ಹೋಗಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳಬಹುದು.

ಆಗ ಮೊರಿತಾ ಕನ್ನಡಕ ತೆಗೆದಳು. ಪಕ್ಕದ ಗಂಡಸಿನ ಮುಖ ನೋಡಿದಳು. ಆಮೇಲೆ ಏನೋ ಕೇಳಿದಳು, ಮೃದುವಾಗಿಯೇ.

 ಶಿರೀಷಾ ತಡವರಿಸಿ ಏನೋ ಹೇಳಿದಳು. ಮತ್ತೆ ಹೇಳಿದಳು. ಚೀಲದಿಂದ ಪಾಸ್‌ಪೋರ್ಟ್ ತೆಗೆದು ಎರಡು ಕೈಯಲ್ಲಿ ಹಿಡಿದು ತೋರಿಸಿದಳು. ಆ ಕಡೆ ಇಬ್ಬರೂ ಬಗ್ಗಿ ನೋಡಿ, ತಮ್ಮತಮ್ಮಲ್ಲೇ ಮಾತಾಡಿದರು. ಕೊನೆಗೆ ಚಿಕ್ಕದೊಂದು ನಮಸ್ಕಾರ. ಪರದೆ ಕಪ್ಪಾಯಿತು.

"ಏನಾತವ್ವ?" ಹಣಮಂತರಾಯ ಎದ್ದು ನಿಂತ.

"ಅಪ್ಪಾ, ಇವತ್ತ ಮುಂಜಾನೆ ಶಿರೀಷಾ ಅನ್ನಾಕಿ ಒಬ್ಬಾಕಿ ಅವರ ಜೋಡಿ ಮಾತಾಡಿ ಮುಗಿಸ್ಯಾಳಂತ. ನನ್ನ ಹೆಸರು, ನನ್ನ ಊರು. ಹೊತ್ತು ಬದಲಿ ಮಾಡ್ರಿ ಅಂತ ಕೇಳ್ಕೊಂಡಿದ್ಲಂತ. ಬೆಲ್ಲದ ನೀರಿನ ಮಾತೂ ಹೇಳ್ಯಾಳಂತ, ನಾ ಹೇಳಿದಂಗೇ." ಅವಳು ಪಾಸ್‌ಪೋರ್ಟನ್ನು ಎದೆಗೆ ಒತ್ತಿಕೊಂಡಳು. "ಹೋಗೂ ಮುಂದ ಒಂದು ಮಾತು ಹೇಳಿ ಹೋಗ್ಯಾಳ. ನನ್ನ ಹೆಸರು ಹೇಳ್ಕೊಂಡು ಇನ್ನೊಬ್ಬಾಕಿ ಬರಬಹುದು, ನಂಬಬ್ಯಾಡ್ರಿ ಅಂತ. ಅದನ್ನ ನೋಡಾಕೇ ಈ ಹೊತ್ತಿಗೂ ಅವರು ಕುಂತಿದ್ರಂತ."

ಹಣಮಂತರಾಯ ಕಕ್ಕಾಬಿಕ್ಕಿಯಾಗಿ ಕಪ್ಪು ಪರದೆಯನ್ನೇ ನೋಡಿದ.

"ಜಾಗ ಹೋತೇನು?" ಸುಗಲಾಬಾಯಿ ಕೇಳಿದಳು.

"ಇನ್ನಾ ಇಲ್ರಿ. ಪಾಸ್‌ಪೋರ್ಟ್ ನೋಡ್ಯಾರ. ಮುಂಜಾನೆ ಮಾತಾಡಿದ್ದು ರೆಕಾರ್ಡ್ ಆಗ್ಯದಂತ, ಅದನ್ನ ಮತ್ತ ನೋಡಿ ನಾಳಿ ಹೇಳ್ತೀವಿ ಅಂದ್ರು. ಅಲ್ಲೀತನಕ ಜಾಗ ಯಾರದೂ ಅಲ್ಲಂತ."

ನಾಳೆಯವರೆಗೆ. ಅಷ್ಟಾದರೂ ಸಿಕ್ಕಿತಲ್ಲ ಎಂದು ಸುಗಲಾಬಾಯಿ ಹುಡುಗಿಯನ್ನು ಕೂರಿಸಿ, ನೀರು ಕುಡಿಸಿ, ಎದುರಿಗೆ ತಾನೂ ಕೂತಳು.

"ಸಮಾಧಾನದಿಂದ ಹೇಳು. ಈ ಬೆಲ್ಲದ ನೀರಿನ ಮಾತು ಯಾರ್‍ಯಾರಿಗಿ ಗೊತ್ತದ? ಕ್ಲಾಸಿನ್ಯಾಗ ಹೇಳೀದೇನು?"

"ಇಲ್ರಿ. ಕುರಿ ಮಾತು ಹೇಳಾಕ ನಂಗ ನಾಚಿಕಿ ಬರ್ತಿತ್ತು. ಶೈಲಾ ಮೇಡಂಗೂ ಹೇಳಿಲ್ಲ. ಮೊ‍ನ್ನೆ ಇಲ್ಲಿಗಿ ಬರೂ ಮುಂದ ಬೈಕಿನ ಮ್ಯಾಲ ಸಾಯಿಗಿ ಸುಮ್ಮ ಹೇಳಿದೆ. ಇದನ್ನೇ ಹೇಳು, ಇದು ಭಾಳ ಛಲೋ ಅದ ಅಂದ. ಅವನೇ ಜಪಾನಿಯೊಳಗ ಜೋಡಿಸಿ ಕೊಟ್ಟ."

"ಸಾಯಿಕುಮಾರ."

"ಹೂಂರಿ. ಅವಗ ಒಬ್ಬವಗೇ ಗೊತ್ತು."

ಸುಗಲಾಬಾಯಿ ಆಗಲೇ ಫೋನ್ ಹಚ್ಚಿದ್ದಳು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು.

"ಸಾಬಮ್ಮ, ಆ ಹುಡುಗ ಅದಾನೇನು? ಜರಾ ತಡದ ಕುಂದರಸು."

"ಎಲ್ಲಿದ್ದಾನ್ರಿ, ಹೋದ. ಮಾಫಿ ಕೇಳಿದೀವಿ, ತುಪ್ಪ ಹಾಕಿ ಉಣಿಸಿದೀವಿ. ಅಷ್ಟರಾಗ ಅವನ ತಂಗಿ ಕಾರ್ ತಗೊಂಡು ಬಂದಳು. ಅವನ ಮೈಯಾಗ ತ್ರಾಣ ಇದ್ದಿಲ್ಲ, ಕೈ ಹಿಡದ ಕುಂದರಿಸಿಕೊಂಡು ಹೋದಳು. ಬೈಕ್ ಇಲ್ಲೇ ಅದ. ಆಕಿ ಬಾಯಾಗಿನ ಮಾತು ಎಷ್ಟು ಸಿಹಿರಿ! ನಮ್ಮ ಶಿರೀಷಾ ಆರಾಮ ಅದಾಳೇನು ಅಂತ ನಾಕ ಸಲ ಕೇಳಿದ್ಲು."

ಸುಗಲಾಬಾಯಿ ಕೈಯಲ್ಲಿದ್ದ ಫೋನನ್ನೇ ದಿಟ್ಟಿಸಿದಳು. ಹುಡುಗನನ್ನು ದೊಡ್ಡಿಯಲ್ಲಿ ಕಟ್ಟಿಹಾಕಿದ್ದು ಆ ಮನೆಯವರಿಗೆ ಬಿಟ್ಟರೆ ಊರಿಗೇ ಗೊತ್ತಿರಲಿಲ್ಲ. ಕಟ್ಟಿಹಾಕುವಾಗ ಕಸಿದುಕೊಂಡ ಅವನ ಫೋನ್ ಕೂಡ ಇನ್ನೂ ರೇವಪ್ಪನ ಅಂಗಿಯ ಕಿಸೆಯಲ್ಲೇ ಇತ್ತು. ಹಾಗಾದರೆ ಅವನು ಅಲ್ಲಿದ್ದಾನೆಂದು ತಂಗಿಗೆ ತಿಳಿದದ್ದು ಹೇಗೆ?

ಆಕೆ ತಲೆ ಎತ್ತಿದಾಗ ಶಿರೀಷಾ ತಂದೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಅಕ್ಕೋರ, ಸಾಯಿ ಒಬ್ಬನೇ ಮಗ. ಅವಗ ತಂಗೀನೇ ಇಲ್ರಿ."